ಹುಣಸೆಹಣ್ಣು ಹಚ್ಚಿ ತಿಕ್ಕಿದ ಕ್ರ್ಯಾಂಕು

ಒಂದು ಚಿಂತೆ ಹೋದರೆ ಇನ್ನೊಂದನ್ನು ಸಾಕಿಕೊಳ್ಳುವ ಹೆಂಗಸು ನಾನು. ಮಗಳು ಕೆಮ್ಮಿದರೆ ಚಿಂತೆ. ಕೆಮ್ಮದೆ ಸುಮ್ಮನೆ ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂಬ ಚಿಂತೆ. ಆದರೆ ಕಳೆದ ಜನವರಿಯಲ್ಲಿ ಹತ್ತಿಕೊಂಡ ಚಿಂತೆಗೆ ಸದ್ದೂ ಇತ್ತು. ಟಕ ಟಕ ಟಕ ಟಕ.

ಸದ್ದು ಬರುತ್ತಿದ್ದುದು ನನ್ನ ಗಂಡ ವೀರು ಅವರ ಮೊಪೆಡ್ಡಿನ ಹೊಟ್ಟೆಯೊಳಗಿನಿಂದ. ನಮ್ಮ ಮದುವೆಗಿಂತ ಆ ಮೊಪೆಡ್ಡಿಗೆ ನಾಲ್ಕು ವರ್ಷ ಹೆಚ್ಚು ವಯಸ್ಸು. ದಿನಾ ಬೆಳಿಗ್ಗೆ ಮೂರು ವರ್ಷದ ಮಗಳು ಇಶಾನ್ವಿಯನ್ನು ಮುಂದೆ ನಿಲ್ಲಿಸಿಕೊಂಡು, ಲಕ್ಷ್ಮೇಶ್ವರದ ನರ್ಸರಿಯಲ್ಲಿ ಇಳಿಸಿ, ವೀರು ಯಳವತ್ತಿಯ ಸೊಸೈಟಿಗೆ ಕೆಲಸಕ್ಕೆ ಹೋಗುತ್ತಾರೆ. ಅವರು ತಿರುವಿನಲ್ಲಿ ಮರೆಯಾದ ಮೇಲೂ ಟಕಟಕ ನನ್ನ ಕಿವಿಯಲ್ಲಿ ಉಳಿಯುತ್ತಿತ್ತು. ನಡುರಸ್ತೆಯಲ್ಲಿ ಎಂಜಿನ್ ಬಿಗಿದು, ಚಕ್ರ ಗಕ್ಕನೆ ನಿಂತು, ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿದ್ದು... ಅಲ್ಲಿಂದ ಮುಂದೆ ಯೋಚಿಸುವ ಧೈರ್ಯ ಸಾಲದೆ ಮತ್ತೆ ಮೊದಲಿನಿಂದ ಯೋಚಿಸುತ್ತಿದ್ದೆ.

“ರೀ, ಅದು ಏನರ ಹೇಳಾಕತ್ತೈತಿ. ಒಮ್ಮೆ ತೋರಸ್ರಿ.”

“ಅದು ನಿನ್ನಂಗ. ಸಪ್ಪಳ ಮಾಡತೈತಿ, ನಿಂದರೂದಿಲ್ಲ.”

“ಅದು ನಿಂತ ದಿನ ಅದರ ಮುಂದ ನಿಂತಾಕಿ ನನ್ನ ಮಗಳು.”

ನಾನು ಅಂದೇ ಘನ ಘೋಷಣೆ ಹೊರಡಿಸಿದೆ: ಇನ್ನು ಮೇಲೆ ಈ ಮನೆಯ ಸುರಕ್ಷತಾ ಖಾತೆ ನನ್ನದು. ಹುಬ್ಬಳ್ಳಿಯ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ ಕಾಂಚನಾ ಎಂಬ ನಾನು ಇರುವಾಗ ಒಂದು ಮೊಪೆಡ್ಡು ನಮ್ಮನ್ನು ಏನು ಮಾಡೀತು? ವೀರು ಮಂತ್ರಿಮಂಡಲದ ಅತಿ ಕಿರಿಯ ಸದಸ್ಯನಂತೆ ತಲೆಯಾಡಿಸಿ, ಗಾಡಿಯನ್ನು ಮೆಕ್ಯಾನಿಕ್ ದ್ಯಾಮಪ್ಪನ ಬಳಿ ತಳ್ಳಿಕೊಂಡು ಹೋದರು.

ದ್ಯಾಮಪ್ಪ ಎಂಜಿನ್ ಬಿಚ್ಚಿ ತೀರ್ಪು ಕೊಟ್ಟ. ಕ್ರ್ಯಾಂಕ್ ಹೋಗಿತ್ತು. ಬೆಟಗೇರಿಯ ಫಕ್ರುಸಾಬರ ಹತ್ತಿರ ಒಯ್ಯಬೇಕು. ಮೂವತ್ತೈದು ವರ್ಷದಿಂದ ಅವರದು ಅದೊಂದೇ ಕೆಲಸವಂತೆ. ಸುತ್ತಲಿನ ಊರುಗಳ ಕ್ರ್ಯಾಂಕುಗಳೆಲ್ಲ ಕೊನೆಗೆ ಬಂದು ಸೇರುವುದು ಅವರ ಕಬ್ಬಿಣ ಒತ್ತುವ ಪ್ರೆಸ್ಸಿನ ಕೆಳಗೇ.

ಕ್ರ್ಯಾಂಕ್ ಎಂದರೇನೆಂದು ನಾನು ಊಟಕ್ಕೆ ಕೂತಾಗ ಕೇಳಿದೆ. ವೀರು ರೊಟ್ಟಿ ಮುರಿಯುತ್ತ ಹೇಳಿದರು.

“ಅವ್ವನ ಬೀಸೂಕಲ್ಲು ನೋಡೀಯಿಲ್ಲ? ಗೂಟ ನಡುವ ಇರೂದಿಲ್ಲ, ಒಂದು ಮಗ್ಗಲಿಗೆ ಇರತೈತಿ. ಗೂಟ ಹಿಡದು ಜಗ್ಗಿದ್ರ ಕಲ್ಲು ತಿರಗತೈತಿ. ಎಂಜಿನ್ನಿನ್ಯಾಗೂ ಹಂಗ. ಎರಡು ದುಂಡನ ಕಲ್ಲು, ನಡುವ ಒಂದ ಗೂಟ, ಗೂಟ ಹಿಡದು ಜಗ್ಗಾಕ ಒಂದು ರಾಡು. ನಮ್ಮ ಗೂಟ ಸಡ್ಲ ಆಗೇತಿ.”

“ಸಡ್ಲ ಆಗೇತಿ ಅಂತ ನಾ ತಿಂಗಳಿಂದ ಬಡಕೊಳ್ಳಾಕತ್ತಿದ್ದೆ.”

“ನೀ ಎಲ್ಲಾದಕ್ಕೂ ಬಡಕೊಂತೀದಿ. ಖರೆದ್ದು ಯಾವುದು ಅಂತ ಹೆಂಗ ತಿಳೀಬೇಕು?”

ಆ ಮಾತು ಆಗ ನನಗೆ ಅವಮಾನವೆನಿಸಿತ್ತು. ಈಗ ಭವಿಷ್ಯವಾಣಿಯೆನಿಸುತ್ತದೆ.

ಒಂದು ಗುರುವಾರ ಸಂಜೆ ವೀರು ಬೆಟಗೇರಿಯಿಂದ ಕ್ರ್ಯಾಂಕ್ ತಂದರು. ಹಳೆಯ ಕಲ್ಲುಗಳೂ ಸವೆದಿದ್ದರಿಂದ ಫಕ್ರುಸಾಬರು ಹೊಸ ಭಾಗಗಳನ್ನೇ ತಂದು, ತಮ್ಮ ಕೈಯಾರೆ ಒತ್ತಿ ಕೂಡಿಸಿ, ಎಣ್ಣೆ ಹಚ್ಚಿ, ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು. ಆದರೆ ದ್ಯಾಮಪ್ಪ ಮದುವೆಗೆಂದು ಮುಂಡರಗಿಗೆ ಹೋಗಿದ್ದ. ಬರುವುದು ಶನಿವಾರ. ಅಲ್ಲಿಯವರೆಗೆ ಕ್ರ್ಯಾಂಕ್ ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ ಅತಿಥಿಯಾಗಿ ಕೂತಿತು.

ಶುಕ್ರವಾರ ಬೆಳಿಗ್ಗೆ ಸುರಕ್ಷತಾ ಖಾತೆಯ ನಾನು ತಪಾಸಣೆ ಕೈಗೊಂಡೆ. ಪೇಪರ್ ಬಿಚ್ಚಿ, ಎಣ್ಣೆ ಒರೆಸಿ, ಎದುರಿಗೆ ಸಿಕ್ಕ ಸ್ಟೀಲ್ ತಾಟಿನಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಥಳಥಳ ಹೊಳೆಯಬೇಕಾದ ಹೊಸ ಕಬ್ಬಿಣದ ಮೇಲೆ, ಪಿನ್ನು ಎಂಬ ಆ ಗೂಟ ಕೂತ ಜಾಗದ ಸುತ್ತ ಬಳೆ ತೊಡಿಸಿದಂತೆ ನೀಲಿ. ಅದರ ಆಚೆ ನೇರಳೆ. ಅದರ ಆಚೆ ಬೆಲ್ಲದ ಪಾಕದ ಬಣ್ಣ.

ಈ ಬಣ್ಣ ನನಗೆ ಚೆನ್ನಾಗಿ ಗೊತ್ತು. ಒಲೆಯ ಮೇಲೆ ಹಾಲಿಟ್ಟು ಮಗಳ ಜ್ವರ ನೋಡಲು ಹೋಗಿ ಮರೆತ ದಿನ, ಪಾತ್ರೆಯ ತಳದಲ್ಲಿ ಮೂಡಿದ್ದು ಇದೇ ಬಣ್ಣ. ಅಂದರೆ ಇದು ಸುಟ್ಟದ್ದು. ಯಾರದೋ ಎಂಜಿನ್ನಿನಲ್ಲಿ ಎಣ್ಣೆಯಿಲ್ಲದೆ ಉರಿದು ಹೋದ ಹಳೆಯ ಕ್ರ್ಯಾಂಕು. ತೊಳೆದು ಎಣ್ಣೆ ಹಚ್ಚಿ ಹೊಸದೆಂದು ಕೊಟ್ಟಿದ್ದಾರೆ. ನಾನು ಸೊಸೈಟಿಗೆ ಫೋನ್ ಮಾಡಿದೆ.

“ರೀ, ಕ್ರ್ಯಾಂಕ್ ನೀಲಿ ಆಗೇತಿ.”

“ಅದು ಹಂಗ ಇರತೈತಿ.”

“ಹಂಗ ಅಂದ್ರ ಹೆಂಗ?”

“ಹಂಗ ಅಂದ್ರ ಹಂಗ. ಮುಂದ ರೈತರು ನಿಂತಾರ, ಇಡು.”

ಇಂಥ ವಿವರಣೆಯಿಂದ ಬಿ.ಎಸ್ಸಿ. ಓದಿದವಳಿಗೆ ಸಮಾಧಾನವಾದೀತೆ? ಅಷ್ಟರಲ್ಲಿ ಅತ್ತೆ ಗುರುಸಿದ್ದವ್ವ ಕಾಯಿಪಲ್ಯೆ ಹಿಡಿದು ಒಳಗೆ ಬಂದರು. ತೋರಿಸಿದೆ. ಅವರು ಕ್ರ್ಯಾಂಕಿಗಿಂತ ಹೆಚ್ಚು ಹೊತ್ತು ನನ್ನ ಮುಖವನ್ನೇ ನೋಡಿದರು.

“ಕೂಸು ಹುಟ್ಟಿದಾಗ ಅದರ ಬೆನ್ನ ಕೆಳಗ ನೀಲಿ ಮಚ್ಚಿ ಇತ್ತು, ನೆಪ್ಪೈತಿಲ್ಲೋ?”

“ಈಗ್ಯಾಕ ಅದು, ಅತ್ತಿ?”

“ನರ್ಸ್ ಚಿವುಟ್ಯಾಳ ಅಂತ ದವಾಖಾನಿ ತುಂಬ ಕೂಗ್ಯಾಡಿದ್ದಿ. ಪಾಪ, ಆ ಹುಡುಗಿ ಅಳಕೋತ ಹೋತು. ಎಲ್ಲಾ ಕೂಸಿಗೂ ಇರತೈತಿ, ತಾನ ಹೋಗತೈತಿ ಅಂತ ಡಾಕ್ಟರು ಹೇಳಿದ ಮ್ಯಾಲೆ ಸುಮ್ಮನಾದಿ. ಇದೂ ಹುಟ್ಟಾ ಬಂದದ್ದ ಇರಬೇಕು.”

ಕಬ್ಬಿಣಕ್ಕೆ ಹುಟ್ಟುಮಚ್ಚೆ! ನಾನು ನಕ್ಕೆ.

ಅತ್ತೆ ಹಿತ್ತಲಿಗೆ ಹೋದದ್ದೇ ತಡ, ಕ್ರ್ಯಾಂಕಿನ ಫೋಟೋ ತೆಗೆದು ನರ್ಸರಿ ತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿದೆ. ನಲವತ್ಮೂರು ಜನ ತಾಯಂದಿರು. ಜೊತೆಗೆ ಬರೆದೆ: “ತಾಯಂದಿರೇ, ಎಚ್ಚರ. ಬೆಟಗೇರಿಯ ಫಕ್ರುಸಾಬ ಎಂಬವರು ಸುಟ್ಟು ನೀಲಿಯಾದ ಹಳೆ ಕ್ರ್ಯಾಂಕನ್ನು ಹೊಸದೆಂದು ಕೊಡುತ್ತಿದ್ದಾರೆ. ಇಂಥ ಗಾಡಿಯ ಮೇಲೆ ನಿಮ್ಮ ಮಕ್ಕಳು ಕೂತಿದ್ದಾರೆಯೇ ನೋಡಿಕೊಳ್ಳಿ.” ಕೊನೆಗೆ ಅಪಾಯ ಸಾರುವ ಮೂರು ಕೆಂಪು ಗುರುತು. ಎರಡು ನಿಮಿಷದಲ್ಲಿ ಹನ್ನೊಂದು ಜನ ಕೈಮುಗಿದರು. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಚಿಂತೆಯನ್ನು ಜನ ಗಂಭೀರವಾಗಿ ತೆಗೆದುಕೊಂಡಿದ್ದರು. ಅದೊಂದು ಸುಖ. ಆ ಸುಖವೇ ನನ್ನನ್ನು ಮುಂದಕ್ಕೆ ದೂಡಿತು.

ಸಾಕ್ಷ್ಯ ಇನ್ನಷ್ಟು ಗಟ್ಟಿಯಾಗಲಿ ಎಂದು ಹುಣಸೆಹಣ್ಣು ನೆನೆಹಾಕಿದೆ. ಹಿತ್ತಾಳೆ ಸಾಮಾನು ತಿಕ್ಕುವಂತೆ ಉಪ್ಪು ಸೇರಿಸಿ, ತೆಂಗಿನ ನಾರಿನಿಂದ ಗಸಗಸ ತಿಕ್ಕಿದೆ. ನೀಲಿ ಮಾಸಿತು. ನೇರಳೆ ಹೋಯಿತು. ಬೆಲ್ಲದ ಬಣ್ಣವೂ ಹೋಯಿತು. ನೋಡಿದಿರಾ, ಮೈಯೊಳಗಿನ ಬಣ್ಣವಾಗಿದ್ದರೆ ಹೋಗುತ್ತಿತ್ತೆ? ನಂತರ ಸೋಪಿನ ನೀರಿನಲ್ಲಿ ಮುಳುಗಿಸಿ, ರಾಡು ಅಲ್ಲಾಡಿಸಿ ಸಂದುಗೊಂದು ತೊಳೆದು, ಮಗಳ ಹಾಲಿನ ಬಾಟಲಿಗಳ ಜೊತೆ ಮಾಳಿಗೆಯ ಮೇಲೆ ಬೋರಲು ಹಾಕಿದೆ. ಆಮ್ಲ, ಉಪ್ಪು, ನೀರು ಸೇರಿದರೆ ಕಬ್ಬಿಣಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು ಎಂಬುದನ್ನು ಇಲ್ಲಿ ವಿಷಾದದಿಂದ ನೆನೆಯುತ್ತೇನೆ.

ಶನಿವಾರ ಬೆಳಿಗ್ಗೆ ಕ್ರ್ಯಾಂಕ್ ಕೆಂಪಗಾಗಿತ್ತು. ರಾಡು ತಿರುಗಿಸಿದರೆ ಗರಗರ ಎಂದು ಮರಳು ಅರೆದಂತೆ ಸದ್ದು. ವೀರು ಅದನ್ನು ಎತ್ತಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಅದನ್ನೇ ನೋಡಿದರು.

“ಇದನ್ನ ಏನ್ ಮಾಡಿದಿ?”

“ತೊಳದೆ.”

“ಯಾಕ, ಸಾರಿಗೆ ಹಾಕಾಕ?”

“ಒಳಗಿನ ಬಣ್ಣ ಹೊರಗ ಬಂತು ನೋಡ್ರಿ. ಹೊಸಾದಾಗಿದ್ರ ಒಂದ ದಿನಕ್ಕ ಹಿಂಗ ತುಕ್ಕು ಹಿಡೀತಿತ್ತೇನು? ನಾಳೆ ನಾನೂ ಬೆಟಗೇರಿಗೆ ಬರ್ತೀನಿ. ನಾನ ಕೇಳ್ತೀನಿ.”

ಅಂದು ಸಂಜೆ ಶಿರಹಟ್ಟಿಯಲ್ಲಿರುವ ನಾದಿನಿಯಿಂದ ಒಂದು ಸಂದೇಶ ಬಂತು. ಅದೇ ಫೋಟೋ. ಆದರೆ ನನ್ನ ಬರಹ ದಾರಿಯಲ್ಲಿ ಮೈಕೈ ತುಂಬಿಕೊಂಡಿತ್ತು. “ಕ್ರ್ಯಾಂಕ್ ಒಡೆದು ಮೂರು ಮಕ್ಕಳಿಗೆ ಗಾಯ” ಎಂದು ಸೇರಿತ್ತು. ಕೆಳಗೆ ನಾದಿನಿಯ ಒಕ್ಕಣೆ: “ವೈನಿ, ನಿಮ್ಮ ಕಡೆ ಹಿಂಗ ನಡದೈತಂತ, ಹುಷಾರು.” ಗುಂಪಿನಲ್ಲಿ ಅಳಿಸಲು ಹೋದೆ. ಅಳಿಸಿ ಏನು ಉಪಯೋಗ, ಅದು ಆಗಲೇ ಊರು ದಾಟಿತ್ತು. ಇರಲಿ, ತಪ್ಪು ಅವರದೇ ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಭಾನುವಾರ ಶಿರಹಟ್ಟಿಯ ಮೇಲೆ ಹೋಗುವ ಬಸ್ಸಿನಲ್ಲಿ ಹೊರಟೆವು. ಮಗಳು ನನ್ನ ತೊಡೆಯ ಮೇಲೆ, ಕ್ರ್ಯಾಂಕು ಅವಳ ಡೈಪರ್ ಚೀಲದಲ್ಲಿ. ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಬಾಯಿಪಾಠ ಮಾಡಿದೆ.

ಫಕ್ರುಸಾಬರ ಅಂಗಡಿ ಎಂದರೆ ಒಂದು ಪತ್ರಾಸ್ ತಗಡಿನ ಕೋಣೆ, ಒಂದು ಎತ್ತರದ ಪ್ರೆಸ್ಸು, ಒಂದು ತಾಮ್ರದ ಸುತ್ತಿಗೆ, ಗೋಡೆ ತುಂಬ ಕ್ರ್ಯಾಂಕುಗಳು. ಬಿಳಿ ಗಡ್ಡ, ದಪ್ಪ ಕನ್ನಡಕ, ಎಣ್ಣೆಯ ಕೈ.

“ಬರ್ರಿ ವೀರಪ್ಪ. ಬಾ ತಂಗೆವ್ವ, ಕುಂಡ್ರು. ಕೂಸನ್ನ ಒಳಗ ಕರ್ಕೊಂಡು ಬಾ, ಹೊರಗ ಬಿಸಲೈತಿ.”

ಕೂಸಿನ ಬಿಸಿಲಿನ ಬಗ್ಗೆ ನನಗಿಂತ ಮೊದಲು ಚಿಂತೆ ಮಾಡುವವರನ್ನು ಬೈಯುವುದು ಹೇಗೆ? ಬಾಯಿಪಾಠದ ಮೊದಲ ಸಾಲೇ ಮರೆತುಹೋಯಿತು. ಅವರು ಇಶಾನ್ವಿಯ ಕೈಗೆ ಒಂದು ದೊಡ್ಡ ಹಳೆಯ ಬೇರಿಂಗ್ ಕೊಟ್ಟರು. ಬೆರಳು ಸಿಕ್ಕೀತು ಎಂದು ನಾನು ಕೈ ಚಾಚುವಷ್ಟರಲ್ಲಿ ಅವಳು ಅದನ್ನು ಗಿರ್ರನೆ ತಿರುಗಿಸಿ ಕೇಕೆ ಹಾಕುತ್ತಿದ್ದಳು.

ನಾನು ಡೈಪರ್ ಚೀಲದಿಂದ ಸಾಕ್ಷ್ಯವನ್ನು ತೆಗೆದು ಮೇಜಿನ ಮೇಲಿಟ್ಟೆ.

“ಇದು ನೀಲಿ ಆಗಿತ್ರಿ. ಸುಟ್ಟದ್ದು ಕೊಟ್ಟೀರಿ.”

ಫಕ್ರುಸಾಬರು ಅದನ್ನು ಎತ್ತಿ ರಾಡು ತಿರುಗಿಸಿ ಕಿವಿಗೆ ಹಿಡಿದರು. ಆಮೇಲೆ ಮೂಗಿಗೆ ಹಿಡಿದರು.

“ತಂಗೆವ್ವ, ಇದಕ್ಕ ಹುಣಸೀಹಣ್ಣು ಹಚ್ಚೀ ಏನು?”

ವೀರು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕತೊಡಗಿದರು.

ಅವರು ಬೈಯಲಿಲ್ಲ. ಬೈದಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಕಪಾಟಿನಿಂದ ಕಂಪನಿಯ ಡಬ್ಬಿಯೊಂದನ್ನು ತಂದು ನನ್ನ ಕೈಯಿಂದಲೇ ಬಿಚ್ಚಿಸಿದರು. ಒಳಗಿದ್ದ ಹೊಚ್ಚಹೊಸ ಕ್ರ್ಯಾಂಕಿನ ಮೇಲೂ ಅದೇ ನೀಲಿ ಬಳೆ, ಅದೇ ಬೆಲ್ಲದ ಬಣ್ಣ.

“ಪಿನ್ನು ಕುಂಡ್ರೂ ಜಾಗಾ ಅಷ್ಟ ಕಂಪನ್ಯಾಗ ಕಾಸಿ ಗಟ್ಟಿ ಮಾಡಿರ್ತಾರ. ಇಲ್ಲಂದ್ರ ಹಿಡಿಯೂದಿಲ್ಲ. ಕಾಸಿದ ಗುರುತು ಇದು. ಹೊಸಾದಕ್ಕ ಇರಾಕಬೇಕು.” ಗೋಡೆಯ ಮೂಲೆಯಿಂದ ಇನ್ನೊಂದನ್ನು ತೆಗೆದರು. ಅದರ ರಾಡಿನ ಬಾಯೆಲ್ಲ ಕಪ್ಪುನೀಲಿ, ಒಳಗಿನ ಸೂಜಿಯಂಥ ಉರುಳೆಗಳು ಮುರಿದಿದ್ದವು. “ಇದು ಎಣ್ಣಿ ಇಲ್ಲದ ಓಡಿಸಿ ಉರದದ್ದು. ಇಲ್ಲಿ ನೀಲಿ ಇದ್ರ ಅಂಜಬೇಕು. ನೀಲಿ ಐತೋ ಇಲ್ಲೋ ಅಂತ ನೋಡಬಾರದು ತಂಗೆವ್ವ. ಎಲ್ಲಿ ಐತಿ ಅಂತ ನೋಡಬೇಕು.”

ನನಗೆ ದವಾಖಾನೆಯಲ್ಲಿ ಅಳುತ್ತ ಹೋದ ಆ ನರ್ಸಿನ ಬೆನ್ನು ಕಂಡಿತು.

ಅವರು ನಮ್ಮ ಕ್ರ್ಯಾಂಕನ್ನು ಪ್ರೆಸ್ಸಿಗೆ ಕೊಟ್ಟು ಬಿಚ್ಚಿದರು. ತುಕ್ಕು ಹಿಡಿದ ಬೇರಿಂಗು, ಪಿನ್ನು, ರಾಡು ಮೂರನ್ನೂ ತೆಗೆದು ಹೊಸದು ಹಾಕಿದರು. ಕಲ್ಲುಗಳನ್ನು ಉಜ್ಜಿ ಎಣ್ಣೆ ಹಚ್ಚಿದರು. ಒತ್ತಿ ಕೂಡಿಸಿದ ಮೇಲೆ ಎರಡು ಮೊನೆಗಳ ನಡುವೆ ನಿಲ್ಲಿಸಿ, ಗಡಿಯಾರದಂಥ ಒಂದು ಅಳತೆಯ ಮುಳ್ಳನ್ನು ತಾಗಿಸಿ ತಿರುಗಿಸಿದರು. ಮುಳ್ಳು ಅಲ್ಲಾಡಿತು. ತಾಮ್ರದ ಸುತ್ತಿಗೆಯಿಂದ ಒಂದು ಮೆಲ್ಲನೆಯ ಏಟು. ಮತ್ತೆ ತಿರುಗಿಸಿದರು, ಮತ್ತೊಂದು ಏಟು. ಮುಳ್ಳು ನಿಲ್ಲುವವರೆಗೆ ಅರ್ಧ ಗಂಟೆ.

“ಇಷ್ಟು ಯಾಕ ತ್ರಾಸ ತಗೋತೀರಿ ಚಾಚಾ?” ಎಂದರು ವೀರು. “ಒಂದು ಕೂದಲೆಳಿ ಹೆಚ್ಚುಕಡಿಮಿ ಇದ್ರ ಏನಾತು?”

“ಗಾಡಿ ಮುಂದ ಕೂಸು ನಿಂದರತೈತಿ ಅಂತ ನೀನ ಹೇಳಿದ್ದಿಯಲ್ಲೋ. ರೊಕ್ಕ ಬ್ಯಾಡ, ಈ ಸಾಮಾನು ನನ್ನ ಕಡಿಂದ ಇರ್ಲಿ.”

ನಾನು ಸೆರಗಿನ ಅಂಚನ್ನು ಸುರುಳಿ ಸುತ್ತಿದೆ, ಬಿಚ್ಚಿದೆ, ಸುತ್ತಿದೆ. ಆಗ ಅವರು ಕೈ ಒರೆಸಿಕೊಂಡು ಕಿಸೆಯಿಂದ ಫೋನ್ ತೆಗೆದರು.

“ತಂಗೆವ್ವ, ನೀ ಕಲತಾಕಿ. ಇದನ್ನೊಂದು ಓದಿ ಹೇಳು. ನಾ ಉರ್ದು ಶಾಲಿಗೆ ನಾಕನೇತ್ತದ ತನಕಾ ಹೋದಾವ, ಕನ್ನಡ ಅಕ್ಷರ ಕೂಡಸಾಕ ಆಗೂದಿಲ್ಲ. ನಿನ್ನೆಯಿಂದ ಯಾರ್ಯಾರೋ ಇದನ್ನ ಕಳಸಾಕತ್ಯಾರ. ಮುಂಡರಗಿಯಿಂದ ಇಬ್ಬರು ಬಂದು ಕೊಟ್ಟ ಕ್ರ್ಯಾಂಕ್ ಹಂಗ ವಾಪಸ್ ಒಯ್ದರು. ಯಾಕ ಅಂದ್ರ ಹೇಳವಲ್ರು.”

ಫೋನಿನಲ್ಲಿ ನಾನು ತೆಗೆದ ಫೋಟೋ. ಕೆಳಗೆ ನನ್ನ ಅಕ್ಷರ. ಮೂರು ಕೆಂಪು ಗುರುತು.

ಓದಬೇಕಿತ್ತು. ಓದಿ, ಇದನ್ನು ಬರೆದವಳು ನಾನೇ ಎನ್ನಬೇಕಿತ್ತು. ಆದರೆ ಅವರ ಕನ್ನಡಕದ ಹಿಂದಿನ ಕಣ್ಣುಗಳು ನನ್ನ ಬಾಯನ್ನೇ ನೋಡುತ್ತಿದ್ದವು. ನನ್ನ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಟಿತು.

“ಬೆಟಗೇರಿಯ ಫಕ್ರುಸಾಬರು ಕ್ರ್ಯಾಂಕ್ ಕೂಡಿಸುವುದರಲ್ಲಿ ಎತ್ತಿದ ಕೈ. ಇವರ ಕೈಯಲ್ಲಿ ಕೂಡಿದ ಗಾಡಿಯ ಮೇಲೆ ನಮ್ಮ ಮಕ್ಕಳು ನಿಶ್ಚಿಂತೆಯಿಂದ ಕೂರಬಹುದು.”

“ಇಷ್ಟ ಐತೇನು?”

“ಇಷ್ಟ ಐತ್ರಿ.”

“ಈ ಕೆಂಪಂದು?”

“ಅದು... ಹೂವಿನ ಗುರುತ್ರಿ.”

ಫಕ್ರುಸಾಬರು ಫೋನನ್ನು ನಿಧಾನವಾಗಿ ಕಿಸೆಗಿಟ್ಟುಕೊಂಡರು. “ಚಲೋ ಬರದಾರ. ಇಷ್ಟು ಹೊಗಳಿದ ಮ್ಯಾಲೆ ಜನ ಯಾಕ ಅಂಜಿ ಓಡತಾರೋ, ತಿಳೀವಲ್ದು.”

ಮರಳುವಾಗ ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ವೀರು ತಮ್ಮ ಫೋನ್ ತೆಗೆದು ನನ್ನ ಮುಂದೆ ಹಿಡಿದರು. ಸೊಸೈಟಿಯ ಗುಮಾಸ್ತ ಕಳಿಸಿದ್ದ ಅದೇ ಸಂದೇಶ.

“ನನಗ ಕನ್ನಡ ಓದಾಕ ಬರತೈತಿ,” ಎಂದರು. “ಬರದಾಕಿ ನೀನೇನು?”

“ಹೂಂ.”

“ಫೋನ್ ಮಾಡಿ ಹೇಳು.”

“ಏನಂತ ಹೇಳ್ಲಿ?”

“ಅಲ್ಲಿ ಅಷ್ಟು ಜಲ್ದಿ ಹೊಳೀತಲ್ಲ. ಇದೂ ಹೊಳೀತೈತಿ.”

ಸೋಮವಾರ ದ್ಯಾಮಪ್ಪ ಎಂಜಿನ್ ಕೂಡಿಸಿದ. ಮೊಪೆಡ್ಡು ಹಾಲು ಕುಡಿದ ಬೆಕ್ಕಿನಂತೆ ಹೊರಟಿತು. ಟಕಟಕ ಎಳ್ಳಷ್ಟೂ ಇಲ್ಲ. ಮಗಳನ್ನು ಮುಂದೆ ನಿಲ್ಲಿಸಿಕೊಂಡು ಅವರು ತಿರುವು ದಾಟಿದರು. ಬೀದಿ ಶಾಂತವಾಯಿತು. ಆಗ ಸದ್ದು ಕೇಳಿಸಿತು. ಅದು ಈಗ ನನ್ನ ಎದೆಯೊಳಗೆ ಸೇರಿಕೊಂಡಿತ್ತು. ಟಕ ಟಕ ಟಕ ಟಕ.

ತಾಯಂದಿರ ಗುಂಪಿನಲ್ಲಿ “ಮೊನ್ನೆಯ ಸಂದೇಶದಲ್ಲಿ ಸಣ್ಣ ತಪ್ಪಾಗಿದೆ” ಎಂದು ಬರೆದೆ. ಯಾರ ಹೆಸರನ್ನೂ ಹೇಳದೆ, ನನ್ನ ತಪ್ಪೆಂದೂ ಹೇಳದೆ, ಕ್ರ್ಯಾಂಕಿನ ಮಾತನ್ನೇ ಎತ್ತದೆ ಬರೆದಿದ್ದೆ. ಒಬ್ಬರು ಹೆಬ್ಬೆರಳು ಎತ್ತಿದರು. ಉಳಿದವರು ಮಕ್ಕಳ ಡಬ್ಬಿಗೆ ಏನು ಕಟ್ಟಬೇಕೆಂಬ ಚರ್ಚೆಯಲ್ಲಿದ್ದರು. ಸುಳ್ಳಿಗೆ ಸಿಕ್ಕ ಹನ್ನೊಂದು ನಮಸ್ಕಾರ ನಿಜಕ್ಕೆ ಸಿಗಲಿಲ್ಲ. ನಿಜವನ್ನು ನಾನಾದರೂ ಎಲ್ಲಿ ಬರೆದಿದ್ದೆ?

ಬುಧವಾರ ದ್ಯಾಮಪ್ಪ ಬಾಗಿಲಲ್ಲಿ ನಿಂತು ಹೇಳಿದ: “ಫಕ್ರುಸಾಬರ ಅಂಗಡ್ಯಾಗ ಮೂರು ದಿನದಿಂದ ಒಂದ ಕ್ರ್ಯಾಂಕ್ ಬಂದಿಲ್ಲಂತ್ರಿ. ಪ್ರೆಸ್ಸಿಗೆ ಅರಿವಿ ಹೊಚ್ಚಿ ಕುಂತಾರ.”

ಅಂದು ನಾನು ನೋಟ್‌ಬುಕ್ಕಿನಲ್ಲಿ ಕ್ಷಮಾಪಣೆ ಬರೆಯಲು ಕೂತೆ. “ಮಾನ್ಯರೇ” ಎಂದು ಬರೆದು ಹೊಡೆದೆ. “ಪೂಜ್ಯ ಚಾಚಾ ಅವರಿಗೆ” ಎಂದು ಬರೆದು ಹೊಡೆದೆ. ಅತ್ತೆ ಅಕ್ಕಿ ಆರಿಸುತ್ತ ಇದನ್ನೆಲ್ಲ ನೋಡುತ್ತಿದ್ದರು. ವೀರು ಎಲ್ಲವನ್ನೂ ಅವರಿಗೆ ಹೇಳಿದ್ದರು.

“ಏನ್ ಬರ್ಯಾಕತ್ತಿ?”

“ತಪ್ಪಾತು ಅಂತ.”

“ಬರದದ್ದಕ್ಕ ಇಷ್ಟ ಆಗೇತಿ. ಬಾಯಿಲೆ ಹೇಳು.”

“ಅವರು ಬೈದ್ರ?”

“ಬೈದ್ರ ಬೈಸಿಕೋ. ಮನಷ್ಯಾನ ಕೆಲಸಾನ ಕಸಗೊಂಡಿದ್ದಿ, ಒಂದೆರಡು ಮಾತಿಗೆ ಅಂಜತೀಯೇನು?”

ಫೋನ್ ಎತ್ತಿದೆ. ಇಟ್ಟೆ. ಮಗಳ ಹಣೆ ಮುಟ್ಟಿ ನೋಡಿದೆ. ಜ್ವರವಿರಲಿಲ್ಲ, ನೆಪವೂ ಸಿಗಲಿಲ್ಲ. ಮತ್ತೆ ಎತ್ತಿದೆ. ಎರಡೇ ಸಲ ರಿಂಗಾಯಿತು.

“ಚಾಚಾ, ನಾನ್ರೀ... ಲಕ್ಷ್ಮೇಶ್ವರದಿಂದ. ವೀರು ಅವರ ಮನಿಯಾಕಿ. ಆವತ್ತು ಓದಿದ್ದು...”

“ಹೇಳು ತಂಗೆವ್ವ.”

“ಆವತ್ತು ಓದಿದ್ದು ಸುಳ್ಳರಿ. ಅದ್ರಾಗ ಬ್ಯಾರೇನ ಇತ್ತು. ಬರದಾಕಿ ನಾನ. ನಿಮ್ಮ ಹೆಸರು ಕೆಡಿಸಿದಾಕಿ ನಾನ. ನನಗ ತಿಳೀದ...”

ನನ್ನ ಕಣ್ಣು ತುಂಬಿ ಎದುರಿನ ಗೋಡೆ ಅಲ್ಲಾಡುತ್ತಿತ್ತು.

“ಗೊತ್ತೈತಿ,” ಎಂದರು ಫಕ್ರುಸಾಬರು. “ನನ್ನ ಮೊಮ್ಮಗಳು ಅಮೀರಾ ಆರನೇತ್ತ ಕನ್ನಡ ಶಾಲಿ. ನೀವು ಬರೂಕಿಂತ ಮೊದಲ ಓದಿ ಹೇಳಿದ್ಲು. ಫೋಟೋದಾಗ ಕ್ರ್ಯಾಂಕ್ ಇಟ್ಟ ತಾಟಿತ್ತಲ್ಲ, ಅದರ ಅಂಚಿನ ಮ್ಯಾಲೆ ಕೆತ್ತಿಸಿದ್ದನ್ನೂ ಓದಿದ್ಲು. ಗುರುಸಿದ್ದವ್ವ, ಲಕ್ಷ್ಮೇಶ್ವರ. ಆ ವಾರ ಲಕ್ಷ್ಮೇಶ್ವರಕ್ಕ ಹೋದ ಕ್ರ್ಯಾಂಕ್ ನಿಮ್ಮದೊಂದ, ತಿಳಿಯೂದಿಲ್ಲೇನು?”

ಅಡುಗೆಮನೆಯ ಕಟ್ಟೆಯ ಮೇಲೆ ಆ ತಾಟು ನನ್ನತ್ತ ಮುಖ ಮಾಡಿ ನಿಂತಿತ್ತು. ಅತ್ತೆಯ ಮದುವೆಯಲ್ಲಿ ಅವರ ತವರಿನವರು ಕೊಟ್ಟ ತಾಟು. ಚುಕ್ಕೆ ಚುಕ್ಕೆಯಾಗಿ ಹೆಸರು ಕೆತ್ತಿಸಿದ ತಾಟು. ನಿತ್ಯ ಊಟಕ್ಕಿಡುವ ತಾಟು.

“ಗೊತ್ತಿದ್ದೂ ನನ್ನ ಕಡೆ ಯಾಕ ಓದಿಸಿದ್ರಿ ಚಾಚಾ?”

“ಬರದಾಗ ಸಿಟ್ಟಿನ್ಯಾಗ ಇದ್ದಿ. ಈಗ ಏನ್ ಓದ್ತೀ ನೋಡೂಣಂತ.” ಅವರು ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. “ನೀ ಓದಿದ್ದು ಚಲೋ ಇತ್ತು, ತಂಗೆವ್ವ. ಹಂಗ ಬರದು ಎಲ್ಲಾರಿಗೂ ಕಳಸು. ತಾಟು ಅದ ಇರ್ಲಿ. ಆ ಹೂವಿನ ಗುರುತೂ ಹಾಕು.”